ಎಚ್‌ಐವಿ ತಡೆಯಲ್ಲಿ ತಂದೆತಾಯಿ: ಪರೀಕ್ಷೆಗೆ ಮುಖ್ಯಾಂಶಗಳು

ವಯಸ್ಸು. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 10ರಿಂದ 19 ವರ್ಷ ಹದಿಹರೆಯ. 10–14 ಅದರ ಮೊದಲ ಘಟ್ಟ. ತಂದೆತಾಯಿಯರನ್ನು ತೊಡಗಿಸಿಕೊಳ್ಳುವ ಹೆಸರಾಂತ ಕಾರ್ಯಕ್ರಮಗಳು ಇನ್ನೂ ಮುಂಚೆಯೇ, 9ರಿಂದ 12 ವರ್ಷದ ಮಕ್ಕಳಿರುವ ಮನೆಗಳಿಗೆ ಹೋಗುತ್ತವೆ. ಇಷ್ಟು ಬೇಗ ಯಾಕೆ ಎಂಬುದನ್ನು ಬರೆಯದಿದ್ದರೆ ಉತ್ತರ ಅರ್ಧಕ್ಕೇ ನಿಂತಂತೆ. ಆ ವಯಸ್ಸಿನಲ್ಲಿ ಹೆಚ್ಚಿನ ಮಕ್ಕಳು ಲೈಂಗಿಕ ಸಂಪರ್ಕಕ್ಕೆ ಹೋಗಿರುವುದಿಲ್ಲ, ಅಪ್ಪ ಅಮ್ಮನ ಮಾತಿಗೆ ಇನ್ನೂ ಕಿವಿಗೊಡುತ್ತಾರೆ. ರೂಢಿಯಾದದ್ದನ್ನು ಬಿಡಿಸುವುದು ಕಷ್ಟ. ರೂಢಿಯಾಗುವ ಮೊದಲೇ ಮಾತಾಡಬಹುದು.

ಅಪಾಯದ ನಡವಳಿಕೆಗಳು. ತೀರಾ ಚಿಕ್ಕ ವಯಸ್ಸಿಗೇ ಸಂಪರ್ಕ, ಕಾಂಡೋಮ್ ಬಳಸದಿರುವುದು, ಹಲವು ಸಂಗಾತಿಗಳು, ಅಮಲಿನಲ್ಲಿ ಸಂಪರ್ಕ, ಒಬ್ಬರು ಚುಚ್ಚಿಕೊಂಡ ಸೂಜಿಯನ್ನು ಇನ್ನೊಬ್ಬರು ಬಳಸುವುದು. ಬಲಾತ್ಕಾರಕ್ಕೆ ಒಳಗಾದ ಮಗುವನ್ನು ಈ ಪಟ್ಟಿಗೆ ಸೇರಿಸಬೇಡಿ. ಅಲ್ಲಿ ತಪ್ಪು ಪೂರ್ತಿಯಾಗಿ ಎಸಗಿದವರದು.

ಅಮೆರಿಕದ ಮೂಲ. 'ಪೇರೆಂಟ್ಸ್ ಮ್ಯಾಟರ್!' ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿಯ ಬೆಂಬಲದಿಂದ ನಡೆದ ಕಾರ್ಯಕ್ರಮ. ಸ್ಥಳಗಳು ಅಟ್ಲಾಂಟಾ, ಜಾರ್ಜಿಯಾದ ಅಥೆನ್ಸ್ ಮತ್ತು ಲಿಟಲ್ ರಾಕ್. ಆಫ್ರಿಕನ್ ಅಮೆರಿಕನ್ ಕುಟುಂಬಗಳ 1115 ಪೋಷಕ-ಮಗು ಜೋಡಿಗಳನ್ನು ಚೀಟಿ ಎತ್ತಿದಂತೆ ಮೂರು ಗುಂಪು ಮಾಡಲಾಯಿತು: ಐದು ತರಗತಿ ಪಡೆದವರು, ಒಂದೇ ತರಗತಿ ಪಡೆದವರು, ಸಾಮಾನ್ಯ ಆರೋಗ್ಯದ ಪಾಠ ಕೇಳಿದವರು. ಐದೂ ತರಗತಿಗೆ ಬಂದವರ ಮಕ್ಕಳಲ್ಲಿ ಒಂದು ವರ್ಷದ ನಂತರ ಅಪಾಯದ ಸಾಧ್ಯತೆ ತಗ್ಗಿತ್ತು. ಒಂದು ದಿನದ ಉಪನ್ಯಾಸ ಸಾಲದು ಎಂದು ಬರೆಯುವಾಗ ಈ ಪ್ರಯೋಗವನ್ನು ಹೆಸರಿಸಿ.

ಕೀನ್ಯಾದ 'ಫ್ಯಾಮಿಲೀಸ್ ಮ್ಯಾಟರ್!' ಅದೇ ಪಠ್ಯವನ್ನು 2003–04ರಲ್ಲಿ ಪಶ್ಚಿಮ ಕೀನ್ಯಾದ ಅಸೆಂಬೊಗೆ ಒಗ್ಗಿಸಲಾಯಿತು. ವಿಕ್ಟೋರಿಯಾ ಸರೋವರದ ದಡದ, ಲುವೊ ಜನರ ಸೀಮೆ ಅದು. ಎಚ್‌ಐವಿ ದೇಶದಲ್ಲೇ ಹೆಚ್ಚು ಹರಡಿದ್ದ ನ್ಯಾನ್ಜಾ ಪ್ರಾಂತ್ಯಕ್ಕೆ ಸೇರಿತ್ತು. ಲುವೊ ಸಂಪ್ರದಾಯದಲ್ಲಿ ಹುಡುಗಿಯರು ರಾತ್ರಿ ಅಜ್ಜಿಯ ಗುಡಿಸಲಲ್ಲಿ ಮಲಗುತ್ತಿದ್ದರು, ಮೈ-ಮದುವೆಯ ತಿಳಿವಳಿಕೆ ಅಲ್ಲಿಯೇ ಸಿಗುತ್ತಿತ್ತು. ಅಪ್ಪ ಅಮ್ಮ ಈ ಮಾತೆತ್ತುವ ವಾಡಿಕೆ ಇರಲಿಲ್ಲ. ಆ ಗುಡಿಸಲಿನ ಪಾಠ ಮರೆಯಾದ ಮೇಲೆ ಅದರ ಜಾಗಕ್ಕೆ ಯಾರೂ ಬಂದಿರಲಿಲ್ಲ. ನನ್ನ ಮಟ್ಟಿಗೆ ಇಡೀ ವಿಷಯದ ತಿರುಳು ಇಲ್ಲಿದೆ: ಕಾರ್ಯಕ್ರಮ ಮಕ್ಕಳಿಗೆ ಪಾಠ ಹೇಳಲಿಲ್ಲ, ಹೇಳಲು ಬಾಯಿಬಾರದ ತಂದೆತಾಯಿಗೆ ಅಭ್ಯಾಸ ಮಾಡಿಸಿತು.

ವಿಧಾನ ಹೀಗೆ. ವಾರಕ್ಕೊಂದರಂತೆ ಐದು ತರಗತಿ, ಪ್ರತಿಯೊಂದೂ ಮೂರು ಗಂಟೆ. ನಡೆಸಿಕೊಡುವವರು ಅದೇ ಊರ ಕಡೆಯವರು. ಮೊದಲು ಮಗುವಿನೊಡನೆ ಸಂಬಂಧ ಗಟ್ಟಿ ಮಾಡಿಕೊಳ್ಳುವುದು: ಒಳ್ಳೆಯದನ್ನು ಕಂಡು ಹೊಗಳುವುದು, ಎಲ್ಲಿಗೆ, ಯಾರ ಜೊತೆ, ಏನು ಮಾಡಲು ಹೋಗಿದ್ದಾನೆ ಎಂದು ತಿಳಿದಿರುವುದು. ಆಮೇಲೆ ಮೈನೆರೆಯುವುದು, ಲೈಂಗಿಕತೆ, ಎಚ್‌ಐವಿ. ಕೊನೆಯ ತರಗತಿಗೆ ಮಗುವೂ ಬರುತ್ತದೆ. ತಾಯಿ ಅಥವಾ ತಂದೆ ಅದರೊಡನೆ ಅಲ್ಲೇ ಕೂತು ಮಾತಾಡಿ ನೋಡುತ್ತಾರೆ. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ ಕುರಿತ ಆರನೆಯ ತರಗತಿ ನಂತರ ಸೇರಿದ್ದು. ಒಂದು ವರ್ಷದ ಬಳಿಕ ತಂದೆತಾಯಿಯರನ್ನಷ್ಟೇ ಅಲ್ಲ, ಮಕ್ಕಳನ್ನೂ ಪ್ರತ್ಯೇಕವಾಗಿ ಕೇಳಲಾಯಿತು. ಮಾತುಕತೆ ಹೆಚ್ಚಿದೆ ಎಂದು ಇಬ್ಬರೂ ಹೇಳಿದರು. ಹೋಲಿಕೆಯ ಗುಂಪು ಇರಲಿಲ್ಲ ಎಂಬುದು ಈ ಅಧ್ಯಯನದ ಮಿತಿ. ಮುಂದೆ ಇದು ಟಾಂಜಾನಿಯಾ, ಜಾಂಬಿಯಾ, ಬೋಟ್ಸ್ವಾನಾ ಮೊದಲಾದ ದೇಶಗಳಿಗೂ ಹೋಯಿತು.

"ಹೇಳಿದರೆ ಮಕ್ಕಳು ಕೆಡುತ್ತಾರೆ." ತಂದೆತಾಯಿಯರ ಈ ಭಯಕ್ಕೆ ಉತ್ತರ 2019ರ ಮೆಟಾ-ವಿಶ್ಲೇಷಣೆಯಲ್ಲಿದೆ. ಪೋಷಕರನ್ನು ಒಳಗೊಂಡ 31 ಪ್ರಯೋಗಗಳನ್ನು ಒಟ್ಟಿಗೆ ನೋಡಿದಾಗ ಲೈಂಗಿಕ ಸಂಪರ್ಕ ಹೆಚ್ಚಿರಲಿಲ್ಲ, ಕಾಂಡೋಮ್ ಬಳಕೆ ಹೆಚ್ಚಿತ್ತು. ಪರಿಣಾಮ ಎದ್ದು ಕಂಡದ್ದು 14 ಅಥವಾ ಅದಕ್ಕಿಂತ ಕಡಿಮೆ ವಯಸ್ಸಿನವರಲ್ಲಿ, 10 ಗಂಟೆಗೆ ಕಡಿಮೆಯಿಲ್ಲದ ತರಬೇತಿಯಲ್ಲಿ. ಆದರೆ ಸಂಪರ್ಕದಲ್ಲಿ ಇಳಿಕೆಯೂ ಕಂಡಿರಲಿಲ್ಲ. ಅದನ್ನು ಮುಚ್ಚಿಟ್ಟು ಬರೆಯಬೇಡಿ.

ಕರ್ನಾಟಕ. ಶಾಲೆಗಳ ಹದಿಹರೆಯ ಶಿಕ್ಷಣ ಕಾರ್ಯಕ್ರಮಕ್ಕೆ 2007ರಲ್ಲಿ ಹಲವು ರಾಜ್ಯಗಳು ತಡೆ ಒಡ್ಡಿದವು, ಅವುಗಳಲ್ಲಿ ನಮ್ಮದೂ ಒಂದು. ಇಂಥ ಪಾಠ ಶಾಲೆಯಲ್ಲಿ ಬೇಡ ಎಂದವರು ಮನೆಯಲ್ಲಿ ಯಾರು ಹೇಳಬೇಕು ಎಂಬುದಕ್ಕೆ ದಾರಿ ತೋರಿಸಲಿಲ್ಲ. ಇದು ನನಗೆ ಇಂದಿಗೂ ನೋವಿನ ಸಂಗತಿ.

ವಿಜಯಪುರ, ಬಾಗಲಕೋಟೆ ಜಿಲ್ಲೆಗಳ ಹಳ್ಳಿಗಳಲ್ಲಿ 2014–17ರಲ್ಲಿ ಕರ್ನಾಟಕ ಹೆಲ್ತ್ ಪ್ರಮೋಷನ್ ಟ್ರಸ್ಟ್ 'ಸಮತಾ' ಯೋಜನೆ ನಡೆಸಿತು. ಪರಿಶಿಷ್ಟ ಜಾತಿ-ಪಂಗಡಗಳ ಹುಡುಗಿಯರು ಹೈಸ್ಕೂಲು ಬಿಡದಂತೆ, ಬಾಲ್ಯವಿವಾಹವಾಗದಂತೆ ನೋಡಿಕೊಂಡರೆ ಎಚ್‌ಐವಿ ಅಪಾಯವೂ ತಗ್ಗುತ್ತದೆ ಎಂಬುದು ಅದರ ತರ್ಕ. ತಂದೆತಾಯಿಯರನ್ನು ಕಂಡು ಮಾತಾಡುವುದು ಅದರ ಒಂದು ಭಾಗ. ಪ್ರಯೋಗದಲ್ಲಿ ಶಾಲೆ ಬಿಡುವುದರ ಮೇಲಾಗಲಿ ಮದುವೆಯ ಮೇಲಾಗಲಿ ಒಟ್ಟಾರೆ ಪರಿಣಾಮ ಕಾಣಲಿಲ್ಲ. ಹಾಗಂತ ತಂದೆತಾಯಿಯರ ಜೊತೆಗಿನ ಕೆಲಸ ವ್ಯರ್ಥ ಎಂದು ಬರೆದರೆ ತಪ್ಪಾಗುತ್ತದೆ: ಸಮತಾ ಅಳೆದದ್ದು ಶಾಲೆ ಮತ್ತು ಮದುವೆಯನ್ನು, ಅಸೆಂಬೊದಲ್ಲಿ ಅಳೆದದ್ದು ಮನೆಯೊಳಗಿನ ಮಾತುಕತೆಯನ್ನು.

ನೆನಪಿಡಬೇಕಾದ ಇಸವಿ, ಸಂಖ್ಯೆ. ಭಾರತದಲ್ಲಿ ಎಚ್‌ಐವಿ ಮೊದಲು ಪತ್ತೆಯಾದದ್ದು 1986, ಚೆನ್ನೈ. ಪೋಕ್ಸೊ ಕಾಯ್ದೆ 2012. ಅದರಡಿ ಮಗು ಎಂದರೆ 18 ತುಂಬದವರು. ರಾಷ್ಟ್ರೀಯ ಕಿಶೋರ ಸ್ವಾಸ್ಥ್ಯ ಕಾರ್ಯಕ್ರಮ 2014. ಎಚ್‌ಐವಿ-ಏಡ್ಸ್ ಕಾಯ್ದೆ 2017, ಜಾರಿ 2018ರ ಸೆಪ್ಟೆಂಬರ್ 10. ಸರ್ಕಾರಿ ಆಸ್ಪತ್ರೆಗಳ ಐಸಿಟಿಸಿ ಕೇಂದ್ರಗಳಲ್ಲಿ ಪರೀಕ್ಷೆ ಉಚಿತ. ಹದಿಹರೆಯದವರ ಆಪ್ತಸಲಹೆಗೆ ಸ್ನೇಹ ಕ್ಲಿನಿಕ್. ಏಡ್ಸ್ ಸಹಾಯವಾಣಿ 1097, ಇದಕ್ಕೆ ತಂದೆತಾಯಿಯರೂ ಕರೆ ಮಾಡಿ ಕೇಳಬಹುದು.