ಸಂಜೆಯ ಪಾಠಕ್ಕೆ ಬೇಕಾದ ಸ್ಥಳ

ಮಕ್ಕಳು ಓದಿದರೋ ಇಲ್ಲವೋ ಎಂದು ಕೇಳುವ ನಾವು, ಶಾಲೆ ಬಿಟ್ಟ ಮೇಲೆ ಅವರು ಎಲ್ಲಿ ಕೂತು ಓದುವರೆಂಬದನ್ನು ವಿಚಾರಿಸುವದು ಕಡಿಮೆ. ಬೆಂಗಳೂರಿನ ದಕ್ಷಿಣದಲ್ಲಿರುವ ವಸಂತಪುರವು ಮುಂಚೆ ಹಳ್ಳಿ, ಈಗ ನಗರದ ಪಾಲು. ಇಂಥ ಊರುಗಳಲ್ಲಿ ಹೊಲಗಳು ನಿವೇಶನಗಳಾದಾಗ ಮಕ್ಕಳು ಆಡುವ ಬಯಲು ಕಾಣದೆ ಹೋಗುವದು. ಒಂದೇ ಕೋಣೆಯಲ್ಲಿ ಒಲೆಯೂ ತೊಟ್ಟಿಲೂ ನೆಂಟರೂ ಇರುವಾಗ ಲೆಕ್ಕ ಮಾಡುವ ಹುಡುಗಿ ಎಲ್ಲಿ ಕೂರಬೇಕು?

ಆದದರಿಂದ ಸಂಜೆಯ ಪಾಠ ನಡಿಸುವವರು ಮೊದಲು ಸ್ಥಳವನ್ನು ನೋಡತಕ್ಕದ್ದು. ಮಕ್ಕಳು ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತರೆ ಜಗಳವು ದುಷ್ಟತನದಿಂದಲ್ಲ, ಇಕ್ಕಟ್ಟಿನಿಂದ ಹುಟ್ಟುವದು. ಹಿರಿಯರೋ ಬೆತ್ತ ಹುಡುಕುತ್ತಾರೆ! ಚಿಕ್ಕವರು ಗಟ್ಟಿಯಾಗಿ ಓದಬೇಕು, ದೊಡ್ಡವರಿಗೆ ಮೌನ ಬೇಕು. ಒಂದು ಜಗಲಿಯಾದರೂ ಬೇರೆ ಇರಲಿ. ಬೀಗ ಹಾಕಿದ ಕಪಾಟಿನ ಹೊಸ ಪುಸ್ತಕಕ್ಕಿಂತ ಕೈಗೆಟಕುವ ಹರಕು ಪುಸ್ತಕವು ಮೇಲು. ಕಕ್ಕಸು ಇಲ್ಲದಿದ್ದರೆ, ದಾರಿ ಕತ್ತಲಾಗಿದ್ದರೆ, ದೊಡ್ಡ ಹುಡುಗಿಯರು ಕಾರಣ ಹೇಳದೆ ನಿಂತುಬಿಡುತ್ತಾರೆ. 2009ರ ಶಿಕ್ಷಣ ಹಕ್ಕಿನ ಕಾಯಿದೆಯು ಪ್ರತ್ಯೇಕ ಶೌಚಾಲಯ, ಆಟದ ಬಯಲು, ಪುಸ್ತಕಾಲಯ ಇವುಗಳನ್ನು ವಿಧಿಸಿದೆ; ಆದರೆ ಆ ಅಳತೆ ಶಾಲೆಗೆ ಮಾತ್ರ.

ಹಳ್ಳಿಯವರಿಗೆ ಹತ್ತಿರದ ಸಹಾಯವೆಂದರೆ ಗ್ರಾಮ ಪಂಚಾಯತಿಯ ಗ್ರಂಥಾಲಯ. 2020ರಲ್ಲಿ ಆರಂಭವಾದ ‘ಓದುವ ಬೆಳಕು’ ಎಂಬ ಕಾರ್ಯಕ್ರಮದಲ್ಲಿ 6ರಿಂದ 18 ವರುಷದ ಮಕ್ಕಳನ್ನು ಹಣವಿಲ್ಲದೆ ಅಲ್ಲಿ ಸದಸ್ಯರಾಗಿ ಸೇರಿಸಿಕೊಂಡರು. ಅದರ ಬಾಗಿಲು ಸಂಜೆ ಎಷ್ಟು ಹೊತ್ತಿನ ವರೆಗೆ ತೆರೆದಿರುವದೆಂದು ಕೇಳಿ ತಿಳಿಯಿರಿ. ವಾರದಲ್ಲಿ ಅನೇಕ ದಿವಸ ಬರಿದಾಗಿರುವ ಸಭಾಗೃಹದ ಬೀಗದಕೈ ಯಾರ ಬಳಿಯಲ್ಲಿದೆ ಎಂಬದನ್ನೂ ಬರುವ ಕೂಟದಲ್ಲಿ ವಿಚಾರಿಸೋಣ.