ಹೆಸರಿಲ್ಲದ ಬಟನ್‌ಗೆ ಯಾರು ಹೊಣೆ?

ಕಣ್ಣು ಕಾಣದ ಒಬ್ಬರು ಇಲಾಖೆಯ ಆದೇಶದ ಪಿಡಿಎಫ್ ಇಳಿಸಿಕೊಂಡು, ಎನ್‌ವಿಡಿಎ ತಂತ್ರಾಂಶಕ್ಕೆ ಓದಲು ಕೊಡುತ್ತಾರೆ ಎಂದುಕೊಳ್ಳಿ. ಪರದೆಯ ಮೇಲಿನ ಅಕ್ಷರಗಳನ್ನು ದನಿಯಾಗಿಸುವ ಈ ತಂತ್ರಾಂಶ ಉಚಿತ, ಕನ್ನಡವನ್ನೂ ಓದುತ್ತದೆ. ಆದರೆ ಆ ಆದೇಶ ಯೂನಿಕೋಡ್ ಅಲ್ಲದ ಹಳೆಯ ನುಡಿ ಫಾಂಟಿನಲ್ಲಿ ಟೈಪಾಗಿದ್ದರೆ ‘ಕರ್ನಾಟಕ’ ಎಂಬ ಪದವೇ ಅದಕ್ಕೆ ಸಿಗುವುದಿಲ್ಲ. ಅದಕ್ಕೆ ಸಿಗುವುದು ಇಂಗ್ಲಿಷಿನ ಪಿ ಅಕ್ಷರ, ಪಕ್ಕದಲ್ಲಿ ತಲೆಯ ಮೇಲೆ ಗೀಟು ಹೊತ್ತ ಎ, ಆಮೇಲೊಂದು ಪೌಂಡ್ ಚಿಹ್ನೆ. ಪುಟದುದ್ದಕ್ಕೂ ಇದೇ ಪಾಡು. ಕಣ್ಣಿಗೆ ಅಚ್ಚುಕಟ್ಟಾಗಿ ಕಾಣುವ ಕನ್ನಡ ಕಿವಿಗೆ ಕಲಸುಮೇಲೋಗರ. ಕಾಗದವನ್ನು ಸ್ಕ್ಯಾನ್ ಮಾಡಿ ಏರಿಸಿದ್ದರೆ ಅದೂ ಇಲ್ಲ. ಅದು ಬರೀ ಚಿತ್ರ, ಯಂತ್ರ ಓದಲು ಅಕ್ಷರವೇ ಇರುವುದಿಲ್ಲ.

ಆನ್‌ಲೈನ್ ಅರ್ಜಿಯ ಕಥೆ ಇನ್ನೊಂದು ತರಹ. ಫೋಟೊ ಏರಿಸುವ ಜಾಗದಲ್ಲಿ ಚಂದದ ಐಕಾನ್ ಇರುತ್ತದೆ, ಅದಕ್ಕೆ ಒಳಗಿನಿಂದ ಹೆಸರು ಕೊಟ್ಟಿರುವುದಿಲ್ಲ. ಓದುವ ತಂತ್ರಾಂಶ ‘ಬಟನ್’ ಎಂದಷ್ಟೇ ಹೇಳುತ್ತದೆ. ಮುಂದಿನದಕ್ಕೂ ‘ಬಟನ್’. ಯಾವುದು ಫೋಟೊಗೆ, ಯಾವುದು ಸಹಿಗೆ, ಯಾವುದು ಅರ್ಜಿಯನ್ನೇ ಅಳಿಸಿಹಾಕಲು? ಕ್ಯಾಪ್ಚಾಕ್ಕೆ ಧ್ವನಿಯ ಪರ್ಯಾಯ ಇರುವುದಿಲ್ಲ. ತಪ್ಪು ತುಂಬಿದ ಕಾಲಂ ಕೆಂಪಗಾಗುತ್ತದೆ ಅಷ್ಟೆ. ಕೆಂಪು ಕಾಣದವರಿಗೆ ತಪ್ಪಾದದ್ದೇ ತಿಳಿಯುವುದಿಲ್ಲ. ಕೈ ನಡುಗುವ ಹಿರಿಯರು ಒಟಿಪಿ ಒತ್ತುವಷ್ಟರಲ್ಲಿ ಅವಧಿ ಮುಗಿದು, ಮತ್ತೆ ಮೊದಲಿನಿಂದ ಶುರು.

ಕೊನೆಗೆ ಅಂಥವರು ಗ್ರಾಮ ಒನ್ ಕೇಂದ್ರಕ್ಕೋ ಸೈಬರ್ ಸೆಂಟರ್‌ಗೋ ಹೋಗಿ, ಆಧಾರ್ ಸಂಖ್ಯೆ, ಒಟಿಪಿ, ಬ್ಯಾಂಕ್ ವಿವರ ಎಲ್ಲವನ್ನೂ ಇನ್ನೊಬ್ಬರ ಕೈಗೆ ಕೊಟ್ಟು ಅರ್ಜಿ ಹಾಕಿಸುತ್ತಾರೆ. ‘ಹೇಗೋ ಆಯ್ತಲ್ಲ’ ಎಂದು ಇಲಾಖೆಯೂ ಸುಮ್ಮನಾಗುತ್ತದೆ. ಆದರೆ ಕಾನೂನಿನ ಕಣ್ಣಲ್ಲಿ ಕೆಲಸ ಹೇಗೋ ಆದರೆ ಸಾಲದು. ತನ್ನ ಅರ್ಜಿಯನ್ನು ತಾನೇ ಹಾಕುವುದು ನಾಗರಿಕರ ಹಕ್ಕು, ಅದಕ್ಕೆ ಅನುವು ಮಾಡಿಕೊಡುವುದು ಸೇವೆ ನೀಡುವವರ ಕರ್ತವ್ಯ.

ಹಕ್ಕಿನ ಬೇರು ಇರುವುದು 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯಲ್ಲಿ. 2017ರ ಏಪ್ರಿಲ್ 19ರಂದು ಜಾರಿಗೆ ಬಂದ ಈ ಕಾಯ್ದೆ 21 ಬಗೆಯ ಅಂಗವೈಕಲ್ಯಗಳನ್ನು ಗುರುತಿಸುತ್ತದೆ; 1995ರ ಹಳೆಯ ಕಾಯ್ದೆಯಲ್ಲಿ ಇದ್ದದ್ದು ಏಳೇ. 2011ರ ಜನಗಣತಿ ಈ ಹಳೆಯ ಪಟ್ಟಿಗೆ ಹತ್ತಿರದ ಲೆಕ್ಕದಲ್ಲೇ ಕರ್ನಾಟಕದಲ್ಲಿ 13.24 ಲಕ್ಷ ವಿಕಲಚೇತನರನ್ನು ಎಣಿಸಿತ್ತು. ಕಾಯ್ದೆಯ ಸೆಕ್ಷನ್ 42 ಮುದ್ರಣ, ಧ್ವನಿ, ಎಲೆಕ್ಟ್ರಾನಿಕ್ ಮಾಧ್ಯಮಗಳಲ್ಲಿರುವ ವಿಷಯ ಎಲ್ಲರಿಗೂ ಎಟಕುವ ರೂಪದಲ್ಲಿ ಇರುವಂತೆ ನೋಡಿಕೊಳ್ಳಲು ಸರ್ಕಾರಕ್ಕೆ ಹೇಳುತ್ತದೆ. ಸೆಕ್ಷನ್ 46 ಸೇವೆ ನೀಡುವವರಿಗೆ ಅನ್ವಯ. ಅವರು ಸರ್ಕಾರದವರೇ ಆಗಲಿ, ಖಾಸಗಿಯವರೇ ಆಗಲಿ, ನಿಯಮ ಪ್ರಕಟವಾದ ಎರಡು ವರ್ಷದೊಳಗೆ ಅದರಂತೆ ಸೇವೆ ಕೊಡಬೇಕು. ಮೀರಿದರೆ ಸೆಕ್ಷನ್ 89ರ ದಂಡ: ಮೊದಲ ಬಾರಿಗೆ 10 ಸಾವಿರ ರೂಪಾಯಿವರೆಗೆ, ಮತ್ತೆ ಮೀರಿದರೆ ಕನಿಷ್ಠ 50 ಸಾವಿರದಿಂದ 5 ಲಕ್ಷದವರೆಗೆ.

ಇಷ್ಟೆಲ್ಲ ಇದ್ದೂ ವೆಬ್‌ಸೈಟುಗಳು ಯಾಕೆ ಸುಧಾರಿಸಲಿಲ್ಲ? ಗಂಟು ಬಿದ್ದಿದ್ದು ಇದೇ ಕಾಯ್ದೆಯಡಿಯ 2017ರ ನಿಯಮಾವಳಿಯ 15ನೇ ನಿಯಮದಲ್ಲಿ. ವೆಬ್‌ಸೈಟುಗಳ ಮಟ್ಟಿಗೆ ಆ ನಿಯಮ ಬೆರಳು ತೋರಿಸಿದ್ದು ಜಿಐಜಿಡಬ್ಲ್ಯು ಎಂದು ಕರೆಯುವ, ಭಾರತ ಸರ್ಕಾರದ ವೆಬ್‌ಸೈಟ್ ಮಾರ್ಗಸೂಚಿಯತ್ತ. ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರ 2009ರಲ್ಲಿ ಅದನ್ನು ಮೊದಲು ಹೊರತಂದಿತು; 2023ರ ಮೂರನೇ ಆವೃತ್ತಿ ಮೊಬೈಲ್ ಆ್ಯಪ್‌ಗಳನ್ನೂ ಒಳಗೆ ತಂದಿತು. ಅದೇ ವರ್ಷದ ಮೇ ತಿಂಗಳಲ್ಲಿ ನಿಯಮಕ್ಕೆ ತಿದ್ದುಪಡಿಯಾಗಿ, ಭಾರತೀಯ ಮಾನಕ ಬ್ಯೂರೋದ ಐಎಸ್ 17802 ಮಾನದಂಡವೂ ಸೇರಿಕೊಂಡಿತು. ಹಿನ್ನೆಲೆ ಮತ್ತು ಅಕ್ಷರದ ಬಣ್ಣಗಳ ವ್ಯತ್ಯಾಸ ಕನಿಷ್ಠ 4.5ಕ್ಕೆ 1 ಇರಬೇಕು, ಪ್ರತಿ ಬಟನ್‌ಗೂ ಯಂತ್ರ ಓದಬಲ್ಲ ಹೆಸರಿರಬೇಕು, ಮೌಸ್ ಇಲ್ಲದೆ ಕೀಲಿಮಣೆಯಿಂದಲೇ ಎಲ್ಲ ಕೆಲಸ ಆಗಬೇಕು, ಪುಟ ಯಾವ ಭಾಷೆಯದೆಂದು ಕೋಡಿನಲ್ಲಿ ಹೇಳಿರಬೇಕು. ಇವೆಲ್ಲ ಈ ದಾಖಲೆಗಳು ಆಧರಿಸಿರುವ ಅಂತರರಾಷ್ಟ್ರೀಯ ಮಾನದಂಡದಲ್ಲೇ ಇವೆ. ಕೊನೆಯದು ಕನ್ನಡಿಗರಿಗೆ ಮುಖ್ಯ. ಆ ಒಂದು ಗುರುತು ಇಲ್ಲದಿದ್ದರೆ ಕನ್ನಡದ ದನಿ ಇರುವ ಫೋನ್ ಕೂಡ ಕನ್ನಡ ಪುಟವನ್ನು ಇಂಗ್ಲಿಷಿನ ದನಿಯಲ್ಲಿ ಓದಲು ಹೊರಟು ಮುಗ್ಗರಿಸಬಹುದು.

ಆದರೆ ಮಾರ್ಗಸೂಚಿ ಎಂದರೆ ಮಾರ್ಗಸೂಚಿಯೇ. ‘ಮಾಡಿದರೆ ಒಳ್ಳೆಯದು’ ಎಂಬ ಧಾಟಿಯದ್ದಕ್ಕೆ ದಂಡ ಹಾಕುವವರು ಯಾರು?

ಈ ಗಂಟನ್ನು ಬಿಚ್ಚಿದ್ದು ದೃಷ್ಟಿದೋಷವುಳ್ಳ ರಾಜೀವ್ ರತೂರಿ ಅವರು 2005ರಲ್ಲೇ ಹೂಡಿದ್ದ ಅರ್ಜಿ. 2024ರ ನವೆಂಬರ್ 8ರಂದು ಸುಪ್ರೀಂ ಕೋರ್ಟಿನ ಆಗಿನ ಮುಖ್ಯ ನ್ಯಾಯಮೂರ್ತಿ ಡಿ.ವೈ. ಚಂದ್ರಚೂಡ್, ನ್ಯಾಯಮೂರ್ತಿಗಳಾದ ಜೆ.ಬಿ. ಪಾರ್ದಿವಾಲಾ ಮತ್ತು ಮನೋಜ್ ಮಿಶ್ರಾ ಅವರ ಪೀಠ, 15(1)ನೇ ನಿಯಮ ಮೂಲ ಕಾಯ್ದೆಗೇ ವಿರುದ್ಧ ಎಂದಿತು. ಕಾಯ್ದೆ ‘ಮಾಡಲೇಬೇಕು’ ಎಂದಿರುವಾಗ ನಿಯಮ ಅದನ್ನು ಸಲಹೆಯ ಮಟ್ಟಕ್ಕೆ ಇಳಿಸುವಂತಿಲ್ಲ. ಯಾವುದು ಕಡ್ಡಾಯ, ಯಾವುದು ಸಲಹೆ ಎಂದು ಬೇರ್ಪಡಿಸಿ ಮೂರು ತಿಂಗಳೊಳಗೆ ಕಡ್ಡಾಯ ನಿಯಮ ರೂಪಿಸಿ ಎಂದು ಕೇಂದ್ರಕ್ಕೆ ನಿರ್ದೇಶನ ಹೋಯಿತು. ದೂರು ಬರೆಯುವವರು ಇಲ್ಲಿ ಎಚ್ಚರವಾಗಿರಬೇಕು. ‘15ನೇ ನಿಯಮದ ಉಲ್ಲಂಘನೆ’ ಎಂಬ ಒಂದೇ ಆಧಾರದ ಮೇಲೆ ನಿಂತ ದೂರು ಈಗ ದುರ್ಬಲ. ಕಾಯ್ದೆಯ ಸೆಕ್ಷನ್‌ಗಳನ್ನೂ ಸಂವಿಧಾನದ 21ನೇ ವಿಧಿಯನ್ನೂ ಆಧಾರವಾಗಿಟ್ಟು, ಐಎಸ್ 17802 ಮತ್ತು ಜಿಐಜಿಡಬ್ಲ್ಯುಗಳನ್ನು ದೋಷ ತೋರಿಸುವ ಅಳತೆಗೋಲಾಗಿ ಬಳಸಿದರೆ ಗಟ್ಟಿ.

21ನೇ ವಿಧಿ ಇಲ್ಲಿಗೆ ಬಂದಿದ್ದು ಸುಪ್ರೀಂ ಕೋರ್ಟಿನ ಇನ್ನೊಂದು ತೀರ್ಪಿನಿಂದ. ಆ್ಯಸಿಡ್ ದಾಳಿಗೆ ತುತ್ತಾದ ಪ್ರಜ್ಞಾ ಪ್ರಸೂನ್ 2023ರಲ್ಲಿ ಬ್ಯಾಂಕ್ ಖಾತೆ ತೆರೆಯಲು ಹೊರಟಾಗ ಗ್ರಾಹಕರ ಗುರುತು ಪರಿಶೀಲಿಸುವ ಡಿಜಿಟಲ್ ಕೆವೈಸಿ ಪ್ರಕ್ರಿಯೆ, ಎದುರಿಗಿರುವುದು ಜೀವಂತ ವ್ಯಕ್ತಿಯೇ ಎಂದು ತಿಳಿಯಲು ಕಣ್ಣು ಮಿಟುಕಿಸುವಂತೆ ಕೇಳಿತು. ಕಣ್ಣಿಗೆ ಆದ ಗಾಯದಿಂದ ಅವರಿಗೆ ಮಿಟುಕಿಸಲು ಆಗದು. ಎದುರಿಗೇ ಇರುವ ಮನುಷ್ಯರನ್ನು ‘ಜೀವಂತ’ ಎಂದು ಒಪ್ಪದ ಯಂತ್ರ! ಅಂಧ ವಕೀಲ ಅಮರ್ ಜೈನ್ ಅವರ ಅರ್ಜಿಯೂ ಇದರ ಜೊತೆ ಸೇರಿತು. 2025ರ ಏಪ್ರಿಲ್ 30ರಂದು ನ್ಯಾಯಮೂರ್ತಿಗಳಾದ ಪಾರ್ದಿವಾಲಾ ಮತ್ತು ಆರ್. ಮಹದೇವನ್ ಅವರ ಪೀಠ, ಡಿಜಿಟಲ್ ಸೇವೆಗಳನ್ನು ಬಳಸುವ ಹಕ್ಕು ಜೀವಿಸುವ ಹಕ್ಕಿನದೇ ಭಾಗ ಎಂದು ಸಾರಿ 20 ನಿರ್ದೇಶನಗಳನ್ನು ಕೊಟ್ಟಿತು. ಪ್ರತಿ ಇಲಾಖೆಗೂ ಡಿಜಿಟಲ್ ಸುಗಮ್ಯತೆಯನ್ನು, ಅಂದರೆ ಸೇವೆ ಎಲ್ಲರಿಗೂ ಎಟಕುವುದನ್ನು, ನೋಡಿಕೊಳ್ಳುವ ನೋಡಲ್ ಅಧಿಕಾರಿ, ಪರಿಣತರಿಂದ ನಿಯತವಾದ ಆಡಿಟ್, ಹೊಸ ಆ್ಯಪ್ ಅಥವಾ ವೆಬ್‌ಸೈಟನ್ನು ಬಳಕೆಗೆ ಬಿಡುವ ಮುನ್ನದ ಪರೀಕ್ಷೆಯಲ್ಲಿ ಅಂಧರ ಪಾಲ್ಗೊಳ್ಳುವಿಕೆ, ಕಣ್ಣು ಮಿಟುಕಿಸುವುದಕ್ಕೆ ಪರ್ಯಾಯ, ಯಂತ್ರ ತಿರಸ್ಕರಿಸಿದ್ದನ್ನು ಮನುಷ್ಯರು ಮರುಪರಿಶೀಲಿಸುವ ವ್ಯವಸ್ಥೆ ಇವುಗಳಲ್ಲಿ ಸೇರಿವೆ. ಆ 20 ನಿರ್ದೇಶನಗಳು ಹೆಚ್ಚಾಗಿ ಕೆವೈಸಿಯ ಸುತ್ತ ಇರುವಂಥವು, ಆ ಪ್ರಕರಣದ ಪ್ರತಿವಾದಿಗಳಿಗೆ ಕೊಟ್ಟವು. ಆದರೆ ತೀರ್ಪಿನ ತತ್ವ ರಾಜ್ಯದ ಇಲಾಖೆಗಳಿಗೂ ಅನ್ವಯಿಸುತ್ತದೆ.

ಈಗ ಮತ್ತೆ ಆ ಹೆಸರಿಲ್ಲದ ಬಟನ್. ಸರ್ಕಾರದ ನೂರಾರು ಅರ್ಜಿ ನಮೂನೆಗಳನ್ನು ಯಾರೂ ಒಂದೊಂದಾಗಿ ಕೂತು ಬರೆಯುವುದಿಲ್ಲ. ಬಟನ್, ಕಾಲಂ, ದಿನಾಂಕದ ಪಟ್ಟಿ, ದೋಷದ ಸೂಚನೆ ಇವನ್ನೆಲ್ಲ ಒಮ್ಮೆ ಮಾಡಿಟ್ಟು ಎಲ್ಲೆಡೆ ಜೋಡಿಸುತ್ತಾರೆ. ಇಂಥ ಸಂಗ್ರಹಕ್ಕೆ ಡಿಸೈನ್ ಸಿಸ್ಟಮ್ ಎಂಬ ಹೆಸರು. ಕೇಂದ್ರದ ರಾಷ್ಟ್ರೀಯ ಇ-ಆಡಳಿತ ವಿಭಾಗ ‘ಯುಎಕ್ಸ್4ಜಿ’ ಹೆಸರಿನಲ್ಲಿ ಅಂಥದ್ದೊಂದನ್ನು ಇಲಾಖೆಗಳ ಬಳಕೆಗೆ ಇಟ್ಟಿದೆ. ಸರ್ಕಾರಿ ತಾಣಗಳೆಲ್ಲ ಒಂದೇ ಬಣ್ಣ, ಒಂದೇ ರೂಪದಲ್ಲಿ ಇರಲೆಂದು 2025ರ ಫೆಬ್ರವರಿಯಲ್ಲಿ ಎಲೆಕ್ಟ್ರಾನಿಕ್ಸ್ ಮತ್ತು ಮಾಹಿತಿ ತಂತ್ರಜ್ಞಾನ ಸಚಿವಾಲಯ ‘ಡಿಜಿಟಲ್ ಬ್ರ್ಯಾಂಡ್ ಐಡೆಂಟಿಟಿ ಮ್ಯಾನ್ಯುಯಲ್’ ಹೊರಡಿಸಿತು. ಅಚ್ಚು ಸರಿಯಿದ್ದರೆ ಇಟ್ಟಿಗೆಯೆಲ್ಲ ಸರಿ ಎಂಬ ಲೆಕ್ಕ.

ತೊಡಕು ಇರುವುದು ಅಚ್ಚನ್ನು ಕಾಯುವವರಲ್ಲಿ. ಟೆಂಡರ್ ಪಡೆದ ಕಂಪನಿ ಸಂಗ್ರಹದ ಒಂದು ಪ್ರತಿ ತೆಗೆದುಕೊಂಡು, ಬಣ್ಣ ಬದಲಿಸಿ, ಐಕಾನ್ ಸೇರಿಸಿ, ಹೆಸರು ಕಿತ್ತುಹಾಕಿ ಒಪ್ಪಿಸುತ್ತದೆ. ಮೂಲದಲ್ಲಿ ಆಮೇಲೆ ಆದ ತಿದ್ದುಪಡಿ ಇಲ್ಲಿಗೆ ತಲುಪುವುದೇ ಇಲ್ಲ. ಸುಗಮ್ಯತೆಯ ಆಡಿಟ್ ವರದಿ ಇಲ್ಲದೆ ಬಿಲ್ ಪಾವತಿಸಬಾರದು ಎಂಬ ಒಂದು ಷರತ್ತು ಟೆಂಡರಿನಲ್ಲಿದ್ದರೆ ಅರ್ಧ ಸಮಸ್ಯೆ ಹುಟ್ಟುವುದೇ ಇಲ್ಲ. ಅದರ ಬದಲು ಎಷ್ಟೋ ತಾಣಗಳು ಮೂಲೆಯಲ್ಲೊಂದು ಪುಟ್ಟ ಐಕಾನ್ ಅಂಟಿಸಿ ಕೈತೊಳೆದುಕೊಳ್ಳುತ್ತವೆ. ಒತ್ತಿದರೆ ಅಕ್ಷರ ದೊಡ್ಡದಾಗುತ್ತದೆ, ಬಣ್ಣ ತಿರುವುಮುರುವಾಗುತ್ತದೆ. ಹೆಸರಿಲ್ಲದ ಬಟನ್‌ಗೆ ಅದರಿಂದ ಹೆಸರು ಬರುವುದಿಲ್ಲ. ಆ ಐಕಾನ್ ಇದೆ ಎಂಬುದು ದೂರಿಗೆ ಇಲಾಖೆ ಕೊಡಬಹುದಾದ ಉತ್ತರವೂ ಅಲ್ಲ.

ಹಾಗಾಗಿ ದೂರಿನಲ್ಲಿ ‘ನನ್ನ ಅರ್ಜಿ ತೆಗೆದುಕೊಳ್ಳಿ’ ಎಂದಷ್ಟೇ ಬರೆದರೆ ಸಿಬ್ಬಂದಿಯೊಬ್ಬರು ಫೋನ್ ಮಾಡಿ ಅರ್ಜಿ ತುಂಬಿಸಿ ಕಡತ ಮುಚ್ಚುತ್ತಾರೆ. ‘ಈ ಬಟನ್ ಬಳಸಿರುವ ಎಲ್ಲ ನಮೂನೆಗಳಲ್ಲೂ ಸರಿಪಡಿಸಿ, ಆಡಿಟ್ ವರದಿ ಪ್ರಕಟಿಸಿ’ ಎಂದು ಸೇರಿಸಬೇಕು. ಒಬ್ಬರ ದೂರಿನಿಂದ ಸಾವಿರಾರು ಮಂದಿಯ ತೊಡಕು ನಿವಾರಣೆಯಾಗುವ ದಾರಿ ಅದು.

ದೂರಿಗೆ ಸಾಕ್ಷ್ಯ ಬೇಕು. ದಿನಾಂಕ, ಸಮಯ, ಪುಟದ ವಿಳಾಸ, ಫೋನ್ ಅಥವಾ ಕಂಪ್ಯೂಟರಿನ ವಿವರ, ಯಾವ ಬ್ರೌಸರ್, ಓದುವ ತಂತ್ರಾಂಶ ಯಾವುದು, ಯಾವ ಹಂತದಲ್ಲಿ ನಿಂತಿತು, ಅದು ಏನೆಂದು ನುಡಿಯಿತು ಎಲ್ಲವನ್ನೂ ಬರೆದಿಡಬೇಕು. ಫೋನಿನಲ್ಲೇ ಇರುವ ಸ್ಕ್ರೀನ್ ರೆಕಾರ್ಡರ್‌ನಲ್ಲಿ ಧ್ವನಿಸಮೇತ ಚಿತ್ರೀಕರಿಸಿಕೊಂಡರೆ ಹತ್ತು ಪುಟದ ವಿವರಣೆಗಿಂತ ಮೇಲು. ಕಳಿಸುವ ಮುಂಚೆ ಆಧಾರ್ ಮತ್ತು ಖಾತೆ ಸಂಖ್ಯೆ ಮರೆಮಾಚಿ.

ರಾಜ್ಯದ ಪೋರ್ಟಲ್ ಆದರೆ ಮೊದಲು ಆ ಇಲಾಖೆಗೆ ಲಿಖಿತ ದೂರು, ಜೊತೆಗೆ ಜನಸ್ಪಂದನದ 1902ಕ್ಕೆ ಕರೆ ಮಾಡಿ ದೂರು ಸಂಖ್ಯೆ ಪಡೆಯುವುದು. ಕೇಂದ್ರದ ತಾಣಕ್ಕೆ ಸಿಪಿಗ್ರಾಮ್ಸ್ ಎಂಬ ಅಹವಾಲು ಪೋರ್ಟಲ್ ಇದೆ. 2024ರ ಮಾರ್ಗಸೂಚಿಯ ಪ್ರಕಾರ ಅಲ್ಲಿನ ಅಹವಾಲು ಇತ್ಯರ್ಥಕ್ಕೆ 21 ದಿನಗಳ ಮಿತಿ. ಸಕಾಲ ಯೋಜನೆಯ ಸೇವೆಗಳಲ್ಲಿ ಒಂದು ಸೂಕ್ಷ್ಮವಿದೆ. ಅರ್ಜಿ ಸ್ವೀಕೃತವಾಗಿ ಸಂಖ್ಯೆ ಸಿಕ್ಕ ಮೇಲೆಯೇ ಗಡುವಿನ ಎಣಿಕೆ ಆರಂಭ. ತಡವಾದರೆ ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿ ಪರಿಹಾರವೂ ಆ ಲೆಕ್ಕದ ಮೇಲೆಯೇ. ಅರ್ಜಿ ಸಲ್ಲಿಸಲಿಕ್ಕೇ ಆಗದವರು ಎಣಿಕೆಯ ಹೊರಗೆ ಉಳಿಯುತ್ತಾರೆ, ಇಲಾಖೆಯ ಅಂಕಿಅಂಶದಲ್ಲಿ ವಿಳಂಬವೂ ಕಾಣುವುದಿಲ್ಲ. ಆದ್ದರಿಂದ ಪೋರ್ಟಲ್ ಕೈಕೊಟ್ಟ ದಿನವೇ ನಾಡಕಚೇರಿಯಲ್ಲೋ ಸಂಬಂಧಪಟ್ಟ ಕಚೇರಿಯಲ್ಲೋ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯುವುದು ಜಾಣತನ. ಪೋರ್ಟಲ್ ಮೇಲಿನ ದೂರು ಅದರ ಪಾಡಿಗೆ ನಡೆಯಲಿ.

ಮಾಹಿತಿ ಹಕ್ಕು ಇಲ್ಲಿ ಹರಿತವಾದ ಅಸ್ತ್ರ. ಪೋರ್ಟಲ್‌ನ ಕಡೆಯ ಸುಗಮ್ಯತಾ ಆಡಿಟ್ ವರದಿಯ ಪ್ರತಿ, ಎಸ್‌ಟಿಕ್ಯುಸಿ ಎಂಬ ಸರ್ಕಾರಿ ಪರೀಕ್ಷಾ ಸಂಸ್ಥೆಯ ಪ್ರಮಾಣಪತ್ರವಿದ್ದರೆ ಅದರ ಪ್ರತಿ, ಟೆಂಡರಿನಲ್ಲಿರುವ ಸುಗಮ್ಯತೆಯ ಷರತ್ತು, ನೋಡಲ್ ಅಧಿಕಾರಿಯ ಹುದ್ದೆ ಇಷ್ಟನ್ನು ಕೇಳಿದರೆ ಸಾಕು. ಕರ್ನಾಟಕದ ನಿಯಮದಂತೆ ಅರ್ಜಿ ಒಂದೇ ವಿಷಯಕ್ಕೆ ಸೀಮಿತವಾಗಿ 150 ಪದ ಮೀರಬಾರದು. ಶುಲ್ಕ 10 ರೂಪಾಯಿ, ಬಿಪಿಎಲ್ ಕುಟುಂಬದವರಿಗೆ ಅದೂ ಇಲ್ಲ. ಉತ್ತರಕ್ಕೆ 30 ದಿನ ಗಡುವು. ದೃಷ್ಟಿ ಅಥವಾ ಶ್ರವಣ ದೋಷವಿರುವವರಿಗೆ ಮಾಹಿತಿ ತಲುಪಲು ಬೇಕಾದ ನೆರವನ್ನು ಮಾಹಿತಿ ಅಧಿಕಾರಿಯೇ ಒದಗಿಸಬೇಕು ಎಂದು ಮಾಹಿತಿ ಹಕ್ಕು ಕಾಯ್ದೆಯ ಸೆಕ್ಷನ್ 7(4) ಹೇಳುತ್ತದೆ. ಉತ್ತರವನ್ನು ಯೂನಿಕೋಡ್ ಕಡತದಲ್ಲಿ ಕೇಳುವಾಗ ಈ ಸೆಕ್ಷನ್ ನಮೂದಿಸಬಹುದು. ‘ಆಡಿಟ್ ನಡೆದಿಲ್ಲ’ ಎಂಬ ಉತ್ತರ ಬಂದರೆ ಬೇಸರ ಬೇಡ, ಮುಂದಿನ ಹೆಜ್ಜೆಗೆ ಅದೇ ಒಳ್ಳೆಯ ದಾಖಲೆ.

ಮುಂದಿನ ಹೆಜ್ಜೆ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯಡಿ ನೇಮಕವಾದ ಆಯುಕ್ತರದು. ರಾಜ್ಯದ ಇಲಾಖೆಯ ಮೇಲಿನ ದೂರು ಬೆಂಗಳೂರಿನಲ್ಲಿರುವ ರಾಜ್ಯ ಆಯುಕ್ತರಿಗೆ, ಕೇಂದ್ರದ್ದಾದರೆ ದೆಹಲಿಯ ಮುಖ್ಯ ಆಯುಕ್ತರಿಗೆ. ವಕೀಲರೇ ಬೇಕೆಂದಿಲ್ಲ. ದೂರುದಾರರ ಮತ್ತು ಎದುರು ಪಕ್ಷದ ಹೆಸರು ವಿಳಾಸ, ನಡೆದ ಸಂಗತಿ, ದಾಖಲೆ, ಬೇಕಾದ ಪರಿಹಾರ ಇಷ್ಟು ಸ್ಪಷ್ಟವಾಗಿರಲಿ. ಸಾಕ್ಷಿಗಳನ್ನು ಕರೆಸಲು, ದಾಖಲೆ ತರಿಸಲು ಆಯುಕ್ತರಿಗೆ ಸಿವಿಲ್ ಕೋರ್ಟಿನ ಅಧಿಕಾರವಿದೆ. ಅವರು ಕೊಡುವುದು ಶಿಫಾರಸು, ತೀರ್ಪಲ್ಲ. ಇದು ಕಾಯ್ದೆಯ ಮಿತಿ ಎಂಬುದನ್ನು ಒಪ್ಪಿಕೊಳ್ಳಲೇಬೇಕು. ಆದರೂ ಇಲಾಖೆ ಅದನ್ನು ಮೂಲೆಗೆ ಎಸೆಯುವಂತಿಲ್ಲ. ಮೂರು ತಿಂಗಳೊಳಗೆ ಕ್ರಮ ಕೈಗೊಂಡು ತಿಳಿಸಬೇಕು. ಒಪ್ಪದಿದ್ದರೆ ಕಾರಣವನ್ನು ಅದೇ ಅವಧಿಯಲ್ಲಿ ಆಯುಕ್ತರಿಗೆ ಬರೆದು ಕೊಡಬೇಕು, ದೂರುದಾರರಿಗೂ ತಿಳಿಸಬೇಕು.

ಅಲ್ಲೂ ಕೆಲಸವಾಗದಿದ್ದರೆ ಸಂವಿಧಾನದ 226ನೇ ವಿಧಿಯಡಿ ಹೈಕೋರ್ಟ್. ಖರ್ಚಿಗೆ ಹೆದರಬೇಕಿಲ್ಲ. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯ ಸೆಕ್ಷನ್ 12ರ ಪ್ರಕಾರ ಅಂಗವೈಕಲ್ಯ ಉಳ್ಳವರು ಉಚಿತ ಕಾನೂನು ನೆರವಿಗೆ ಅರ್ಹರು, ಅವರಿಗೆ ಆದಾಯದ ಮಿತಿ ಅಡ್ಡ ಬರುವುದಿಲ್ಲ. ತಾಲ್ಲೂಕು ನ್ಯಾಯಾಲಯದ ಆವರಣದಲ್ಲಿರುವ ಕಾನೂನು ಸೇವಾ ಸಮಿತಿಗೆ ಅರ್ಜಿ ಕೊಡಬಹುದು, ಇಲ್ಲವೇ 15100ಕ್ಕೆ ಕರೆ ಮಾಡಬಹುದು. ಇಲಾಖೆಗೆ ಕೊಟ್ಟ ದೂರಿನ ಪ್ರತಿ, 1902ರ ದೂರು ಸಂಖ್ಯೆ, ಮಾಹಿತಿ ಹಕ್ಕಿನ ಉತ್ತರ, ಆಯುಕ್ತರ ಶಿಫಾರಸು ಇವನ್ನು ದಿನಾಂಕವಾರು ಜೋಡಿಸಿಟ್ಟುಕೊಂಡು ಹೋದರೆ ನೆರವಿಗೆ ನೇಮಿಸುವ ವಕೀಲರಿಗೆ ರಿಟ್ ಅರ್ಜಿ ಸಿದ್ಧಪಡಿಸಲು ಹೆಚ್ಚು ಹೊತ್ತು ಬೇಕಾಗುವುದಿಲ್ಲ.