ಕಂಪ್ಯೂಟರಿನ ಕಡತಗಳನ್ನು ಕಾಪಾಡುವ ಕ್ರಮ

‘ಕಡತ’ ಎಂಬುದು ಕನ್ನಡದ ಹಳೆಯ ಮಾತು. ಬಟ್ಟೆಗೆ ಹುಣಿಸೆಬೀಜದ ಅಂಟನ್ನೂ ಇದ್ದಲ ಪುಡಿಯನ್ನೂ ಬಳಿದು ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಿಸಿ, ಅದರ ಮೇಲೆ ಬಳಪದಿಂದ ನಮ್ಮ ಹಿರಿಯರು ಲೆಕ್ಕಪತ್ರಗಳನ್ನು ಬರೆದಿಡುತ್ತಿದ್ದರು. ಶೃಂಗೇರಿ ಮಠದಲ್ಲಿ ಇಂತಹ ಕಡತಗಳು ಉಳಿದು ಬಂದಿವೆ. ಬಳಪದ ಬರಹದಲ್ಲಿ ಒಂದು ಅನುಕೂಲವೂ ಒಂದು ಅಪಾಯವೂ ಇದ್ದುವು. ಒರಸಿ ಮತ್ತೆ ಬರೆಯಬಹುದಾಗಿತ್ತು. ಆದರೆ ಒರಸಿದುದು ಮರಳಿ ಬರುತ್ತಿರಲಿಲ್ಲ. ಇಂದು ನಾವು ಕಂಪ್ಯೂಟರಿನಲ್ಲಿ ಇಡುವ ಕಡತಕ್ಕೂ, ಎಂದರೆ ಫೈಲಿಗೂ, ಇದೇ ಗುಣವುಂಟು.

ಈ ವಿಷಯವನ್ನು ಶಾಲೆಯ ವಾರ್ಷಿಕ ಸಂಚಿಕೆಯಲ್ಲಿ ವಿವರಿಸಲು ಕಾರಣವಿದೆ. ೧೯೫೬ರಲ್ಲಿ ಕಾಸರಗೋಡು ಕೇರಳ ರಾಜ್ಯಕ್ಕೆ ಸೇರಿದ ಮೇಲೆ ಇಲ್ಲಿಯ ಕನ್ನಡ ಶಾಲೆಗಳು ಕೇರಳದ ಪಾಠ್ಯಕ್ರಮವನ್ನು ಕನ್ನಡದಲ್ಲಿ ಕಲಿಸುತ್ತ ಬಂದಿವೆ. ಕರ್ನಾಟಕದಲ್ಲಿ ಅಚ್ಚಾಗುವ ಅಭ್ಯಾಸಪುಸ್ತಕಗಳು ನಮ್ಮ ಪಾಠ್ಯಕ್ರಮಕ್ಕೆ ಹೊಂದುವುದಿಲ್ಲ. ಮಲಯಾಳದಲ್ಲಿ ದೊರೆಯುವವು ನಮ್ಮ ಮಕ್ಕಳ ಭಾಷೆಗೆ ಹೊಂದುವುದಿಲ್ಲ. ಆದುದರಿಂದ ಅಧ್ಯಾಪಕರು ತಾವೇ ಬರೆದ ಟಿಪ್ಪಣಿ, ಪ್ರಶ್ನಾವಳಿ, ಪಾಠದ ಚಿತ್ರಪಟ, ಇವು ಅಂಗಡಿಯಲ್ಲಿ ಕೊಂಡು ತರಲಾಗದ ಸೊತ್ತು. ಅವು ಕಳೆದರೆ ಮೊದಲಿನಿಂದ ಬರೆಯುವುದೊಂದೇ ದಾರಿ.

ಕೇರಳದ ಶಾಲೆಗಳ ಕಂಪ್ಯೂಟರುಗಳಲ್ಲಿ ಬಳಕೆಯಲ್ಲಿರುವುದು ಲಿನಕ್ಸ್ ವ್ಯವಸ್ಥೆ. ಬರವಣಿಗೆಗಾಗಿ ಅದರಲ್ಲಿ ಲಿಬ್ರೆ ಆಫೀಸ್ ಎಂಬ ತಂತ್ರಾಂಶವಿದೆ. ಜರ್ಮನಿಯಲ್ಲಿ ಹುಟ್ಟಿದ ಸ್ಟಾರ್ ಆಫೀಸ್ ಇದರ ಮೂಲ. ಸನ್ ಕಂಪೆನಿಯು ಅದನ್ನು ೧೯೯೯ರಲ್ಲಿ ಕೊಂಡು, ೨೦೦೦ದಲ್ಲಿ ಅದರ ಒಳಬರಹವನ್ನು ಸರ್ವರಿಗೂ ತೆರೆದಿಟ್ಟಿತು. ೨೦೧೦ರಲ್ಲಿ ಲಿಬ್ರೆ ಆಫೀಸ್ ಬೇರೆಯಾಗಿ ಬೆಳೆಯತೊಡಗಿತು. ಇದಕ್ಕೆ ಬೆಲೆ ಕೊಡಬೇಕಾಗಿಲ್ಲ. ಮನೆಯ ಕಂಪ್ಯೂಟರಿಗೂ ಹಾಕಿಕೊಳ್ಳಬಹುದು. ಪತ್ರ ಪ್ರಬಂಧಗಳಿಗೆ ರೈಟರ್, ಲೆಕ್ಕಕ್ಕೆ ಕ್ಯಾಲ್ಕ್, ಚಿತ್ರಸಹಿತ ಉಪನ್ಯಾಸಕ್ಕೆ ಇಂಪ್ರೆಸ್ ಎಂಬ ಭಾಗಗಳು ಅದರಲ್ಲಿವೆ. ಕಡತಗಳನ್ನು ಇಡುವ ನಿಯಮ ಮೂರಕ್ಕೂ ಒಂದೇ.

೧. ಬರೆದುದೆಲ್ಲ ಉಳಿದಂತಲ್ಲ

ಪರದೆಯ ಮೇಲೆ ಕಾಣುವ ಅಕ್ಷರಗಳು ಮೊದಲು ಕಂಪ್ಯೂಟರಿನ ತಾತ್ಕಾಲಿಕ ಸ್ಮೃತಿಯಲ್ಲಿರುತ್ತವೆ. ವಿದ್ಯುತ್ತು ಹೋದರೆ ಆ ಸ್ಮೃತಿ ಬರಿದಾಗುತ್ತದೆ. ‘ಸೇವ್’ ಎಂದು ಆಜ್ಞೆ ಕೊಟ್ಟಾಗ ಮಾತ್ರ ಬರಹವು ತಟ್ಟೆಗೆ, ಎಂದರೆ ಡಿಸ್ಕಿಗೆ, ಇಳಿಯುತ್ತದೆ. ಕಂಟ್ರೋಲ್ ಕೀಲಿಯನ್ನು ಒತ್ತಿ ಹಿಡಿದು ಎಸ್ ಕೀಲಿಯನ್ನು ಒತ್ತಿದರೆ ಈ ಕೆಲಸವಾಗುತ್ತದೆ. ಒಂದು ಪರಿಚ್ಛೇದ ಮುಗಿದೊಡನೆ ಹೀಗೆ ಮಾಡುವುದನ್ನು ಕೈಗೆ ರೂಢಿ ಮಾಡಿಕೊಳ್ಳಬೇಕು.

ಲಿಬ್ರೆ ಆಫೀಸ್ ತಾನಾಗಿ ಹತ್ತು ನಿಮಿಷಕ್ಕೊಮ್ಮೆ ಚೇತರಿಕೆಯ ಮಾಹಿತಿಯನ್ನು ಉಳಿಸುವ ಏರ್ಪಾಡಿದೆ. ಯಂತ್ರ ಹಠಾತ್ತನೆ ನಿಂತರೆ ಅದು ನೆರವಿಗೆ ಬರುತ್ತದೆ. ಆದರೆ ಮುಚ್ಚುವಾಗ ‘ಉಳಿಸಬೇಕೆ?’ ಎಂಬ ಪ್ರಶ್ನೆಗೆ ನಾವೇ ‘ಬೇಡ’ ಎಂದು ಉತ್ತರಿಸಿದರೆ ಆ ನೆರವೂ ಇಲ್ಲ. ಅವಸರದಲ್ಲಿ ಗಂಟೆ ಹೊಡೆಯಿತೆಂದು ಮಕ್ಕಳು ಗುಂಡಿ ಒತ್ತುವುದು ಈ ಸ್ಥಳದಲ್ಲಿಯೇ. ಪ್ರಶ್ನೆಯನ್ನು ಓದಿ ಉತ್ತರಿಸತಕ್ಕದ್ದು.

೨. ಹೆಸರಿಡುವುದು

ಓಲೆಗರಿಯ ಗ್ರಂಥವನ್ನು ಪ್ರತಿಮಾಡಿದವರು ಅದರ ಕೊನೆಯಲ್ಲಿ ಸಂವತ್ಸರ, ಮಾಸ, ತಿಥಿ ಮತ್ತು ತಮ್ಮ ಹೆಸರನ್ನು ಬರೆಯುತ್ತಿದ್ದ ಪದ್ಧತಿಯಿತ್ತು. ಆ ನಾಲ್ಕು ಮಾತುಗಳಿಂದಲೇ ಇಂದಿನ ವಿದ್ವಾಂಸರು ಗ್ರಂಥದ ಕಾಲವನ್ನು ಗುರುತಿಸುತ್ತಾರೆ. ಕಡತಕ್ಕೆ ಹೆಸರಿಡುವಾಗಲೂ ಇದೇ ದೃಷ್ಟಿ ಇರಬೇಕು. ‘ಹೊಸದು’, ‘ಹೊಸದು ೨’, ‘ಕೊನೆಯದು’ ಎಂಬ ಹೆಸರುಗಳು ಇಟ್ಟವರಿಗೇ ತಿಂಗಳೊಂದು ಕಳೆದರೆ ಅರ್ಥವಾಗುವುದಿಲ್ಲ. ಯಾವಾಗ, ಏನು, ಯಾರದು ಎಂಬುದು ಹೆಸರಿನಲ್ಲಿಯೇ ತಿಳಿಯಬೇಕು.

ಉದಾಹರಣೆಗೆ: ‘೨೦೨೪-೦೮-೧೫ ಸ್ವಾತಂತ್ರ್ಯ ದಿನದ ಭಾಷಣ’. ವರ್ಷ, ತಿಂಗಳು, ದಿನ ಎಂಬ ಕ್ರಮದಲ್ಲಿ ತಾರೀಕು ಮೊದಲು ಬಂದರೆ ಕಡತಗಳು ತಾವಾಗಿಯೇ ಕಾಲಾನುಕ್ರಮದಲ್ಲಿ ನಿಲ್ಲುತ್ತವೆ. ದಿನವನ್ನು ಮೊದಲು ಬರೆದರೆ ಎಲ್ಲ ತಿಂಗಳುಗಳ ಒಂದನೆಯ ತಾರೀಕುಗಳು ಒಟ್ಟಿಗೆ ಗುಂಪಾಗುತ್ತವೆ. ತಾರೀಕಿನ ನಡುವೆ ಓರೆಗೆರೆ ಸಲ್ಲದು. ಕಂಪ್ಯೂಟರು ಅದನ್ನು ಫೋಲ್ಡರುಗಳನ್ನು ಬೇರ್ಪಡಿಸುವ ಗುರುತೆಂದು ತಿಳಿಯುತ್ತದೆ. ಪ್ರಶ್ನಾರ್ಥಕ ಚಿಹ್ನೆ, ನಕ್ಷತ್ರ ಚಿಹ್ನೆಗಳನ್ನು ವಿಂಡೋಸ್ ವ್ಯವಸ್ಥೆ ಒಪ್ಪುವುದಿಲ್ಲ.

ಹೆಸರನ್ನು ಕನ್ನಡದಲ್ಲಿಯೇ ಇಡಬಹುದು. ಆದರೆ ಅದು ಬಹಳ ಉದ್ದವಾಗಬಾರದು. ಲಿನಕ್ಸಿನಲ್ಲಿ ಸಾಮಾನ್ಯವಾಗಿ ಒಂದು ಹೆಸರಿಗೆ ೨೫೫ ಬೈಟುಗಳ ಮಿತಿ. ಇಂಗ್ಲಿಷ್ ಅಕ್ಷರಕ್ಕೆ ಒಂದು ಬೈಟು ಸಾಕಾದರೆ, ಕನ್ನಡದ ಒಂದೊಂದು ಸಂಕೇತಕ್ಕೆ ಮೂರು ಬೇಕು. ‘ಕ್ಷ’ ಎಂಬುದರಲ್ಲಿ ಕಕಾರ, ಹಲಂತ, ಷಕಾರವೆಂದು ಮೂರು ಸಂಕೇತಗಳಿರುವುದರಿಂದ ಅದೊಂದಕ್ಕೇ ಒಂಬತ್ತು ಬೈಟು ತಗಲುತ್ತದೆ.

೩. ಇಡುವ ಸ್ಥಳ

ಮನೆಯಲ್ಲಿ ಅಕ್ಕಿಗೊಂದು ಡಬ್ಬಿ, ಬೇಳೆಗೊಂದು ಡಬ್ಬಿ ಇರುವಂತೆ ಕಡತಗಳಿಗೆ ಫೋಲ್ಡರುಗಳಿರಬೇಕು. ಎಲ್ಲವನ್ನೂ ಪರದೆಯ ಮೇಲೆಯೇ ಹರಡಿಡುವುದು ಅಂಗಳದಲ್ಲಿ ಸಾಮಾನು ರಾಶಿ ಹಾಕಿದಂತೆ. ಶಾಲಾ ವರ್ಷದ ಹೆಸರಿನ ಒಂದು ಫೋಲ್ಡರು, ಅದರೊಳಗೆ ವಿಷಯಕ್ಕೊಂದು ಫೋಲ್ಡರು, ಇಷ್ಟಿದ್ದರೆ ವಿದ್ಯಾರ್ಥಿಗಳಿಗೆ ಸಾಕು. ಹತ್ತನೆಯ ತರಗತಿಯ ಐ.ಟಿ. ಪ್ರಾಯೋಗಿಕ ಪರೀಕ್ಷೆಗೂ ಈ ಅಭ್ಯಾಸ ಉಪಕಾರಿ. ಕೆಲಸವನ್ನು ಚೆನ್ನಾಗಿ ಮಾಡಿ, ಹೇಳಿದ ಹೆಸರಿನಲ್ಲಿ ಹೇಳಿದ ಸ್ಥಳದಲ್ಲಿ ಉಳಿಸದಿದ್ದರೆ, ಪರೀಕ್ಷಕರಿಗೆ ಅದು ಕಾಣುವುದಾದರೂ ಹೇಗೆ?

೪. ‘ಸೇವ್’ ಮತ್ತು ‘ಸೇವ್ ಆ್ಯಸ್’

ಬಳಪದ ಕಡತದ ಅಪಾಯ ಇಲ್ಲಿದೆ. ಕಳೆದ ವರ್ಷದ ಪ್ರಶ್ನಾವಳಿಯನ್ನು ತೆರೆದು, ಪ್ರಶ್ನೆಗಳನ್ನು ಬದಲಿಸಿ, ‘ಸೇವ್’ ಒತ್ತಿದರೆ ಹಳೆಯದರ ಮೇಲೆಯೇ ಹೊಸದು ಬರೆಯಲ್ಪಡುತ್ತದೆ. ಹಳೆಯ ಪ್ರಶ್ನೆಗಳು ಹೋದುವು. ಆದುದರಿಂದ ತೆರೆದೊಡನೆ, ಒಂದಕ್ಷರವನ್ನು ತಿದ್ದುವ ಮೊದಲೇ, ‘ಸೇವ್ ಆ್ಯಸ್’ ಎಂಬುದರ ಮೂಲಕ ಬೇರೆ ಹೆಸರಿನಲ್ಲಿ ಉಳಿಸಿಕೊಳ್ಳಬೇಕು. ‘ಆಪ್ಷನ್ಸ್’ ಎಂಬಲ್ಲಿ, ಪ್ರತಿಸಲ ಉಳಿಸುವಾಗಲೂ ಅದರ ಹಿಂದಿನ ರೂಪದ ಒಂದು ಪ್ರತಿಯನ್ನು ಇಡುವಂತೆಯೂ ಏರ್ಪಡಿಸಬಹುದು. ರಜೆಯ ಅರ್ಜಿಯಂತೆ ಪದೇ ಪದೇ ಬೇಕಾಗುವುದನ್ನು ‘ಟೆಂಪ್ಲೇಟ್’ ಆಗಿ ಇಟ್ಟರೆ, ತೆರೆದಾಗಲೆಲ್ಲ ಹೊಸ ಪ್ರತಿಯೇ ತೆರೆದುಕೊಂಡು ಮೂಲವು ಸುರಕ್ಷಿತವಾಗಿರುತ್ತದೆ.

೫. ಕಡತದ ರೂಪ

ರೈಟರಿನ ಸ್ವಂತ ರೂಪ ಒ.ಡಿ.ಟಿ. ಎಂಬುದು. ಇದು ೨೦೦೬ರಲ್ಲಿ ಅಂತರರಾಷ್ಟ್ರೀಯ ಮಾನಕವಾಯಿತು. ಅದರ ರಚನೆ ಗುಟ್ಟಲ್ಲವಾದುದರಿಂದ ಯಾರು ಬೇಕಾದರೂ ಅದನ್ನು ಓದುವ ತಂತ್ರಾಂಶವನ್ನು ರಚಿಸಬಹುದು. ಮೈಕ್ರೋಸಾಫ್ಟ್ ವರ್ಡಿನ ರೂಪ ಡಾಕ್ಸ್. ಪುಟದ ಅಂದ ಕೆಡದಂತೆ ಕಳುಹಿಸಲು ಪಿ.ಡಿ.ಎಫ್. ರೂಪವುಂಟು. ಮೂಲವನ್ನು ಒ.ಡಿ.ಟಿ.ಯಲ್ಲಿ ಇಟ್ಟುಕೊಳ್ಳುವುದು, ವರ್ಡಿನಲ್ಲಿ ತಿದ್ದುವವರಿಗೆ ಡಾಕ್ಸ್ ಪ್ರತಿ ಕೊಡುವುದು, ಓದುವವರಿಗೂ ಅಚ್ಚಿಗೂ ಪಿ.ಡಿ.ಎಫ್. ಕೊಡುವುದು, ಇದು ಉತ್ತಮ ಕ್ರಮ. ಪಿ.ಡಿ.ಎಫ್. ಆಯಿತೆಂದು ಮೂಲವನ್ನು ಅಳಿಸಬಾರದು. ಪಿ.ಡಿ.ಎಫಿನಲ್ಲಿ ತಿದ್ದುಪಡಿ ಕಷ್ಟಸಾಧ್ಯ.

೬. ಕನ್ನಡ ಅಕ್ಷರಗಳ ವಿಚಾರ

ಕನ್ನಡಿಗರಾದ ನಾವು ವಿಶೇಷವಾಗಿ ಗಮನಿಸಬೇಕಾದ ಅಂಶವಿದು. ಹಿಂದೆ ನುಡಿ, ಬರಹ ಮೊದಲಾದ ತಂತ್ರಾಂಶಗಳ ಹಳೆಯ ಅಕ್ಷರವಿನ್ಯಾಸಗಳಲ್ಲಿ ಬೆರಳಚ್ಚು ಮಾಡಿದಾಗ ಕಣ್ಣಿಗೆ ಕಾಣುತ್ತಿದ್ದುದು ಕನ್ನಡವಾದರೂ ಕಡತದೊಳಗೆ ಇದ್ದುದು ಇಂಗ್ಲಿಷ್ ಮೊದಲಾದ ಲಿಪಿಯ ಸಂಕೇತಗಳು. ಆ ಅಕ್ಷರವಿನ್ಯಾಸವಿಲ್ಲದ ಯಂತ್ರದಲ್ಲಿ ತೆರೆದರೆ ಕನ್ನಡ ಮಾಯವಾಗಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಸಾಲುಗಟ್ಟುತ್ತವೆ. ೧೯೯೧ರಲ್ಲಿ ಬಂದ ಯುನಿಕೋಡ್ ಪದ್ಧತಿಯು ಕನ್ನಡದ ಪ್ರತಿಯೊಂದು ವರ್ಣಕ್ಕೂ ಅದರದೇ ಸಂಖ್ಯೆಯನ್ನು ಕೊಟ್ಟಿದೆ. ಈ ಪದ್ಧತಿಯಲ್ಲಿ ಬರೆದುದನ್ನು ಫೋನಿನಲ್ಲಿಯೂ ಓದಬಹುದು, ಬೇಕಾದ ಮಾತನ್ನು ಹುಡುಕಲೂ ಬಹುದು.

ಮನೆಯಲ್ಲಿ ಹಳೆಯ ಕಡತಗಳಿದ್ದರೆ ಪರೀಕ್ಷಿಸುವ ಸುಲಭೋಪಾಯವೊಂದಿದೆ. ಬರಹವನ್ನೆಲ್ಲ ಆಯ್ದು ಅಕ್ಷರವಿನ್ಯಾಸವನ್ನು ಒಂದು ಇಂಗ್ಲಿಷ್ ವಿನ್ಯಾಸಕ್ಕೆ ಬದಲಿಸಿ ನೋಡುವುದು. ಕನ್ನಡವಾಗಿಯೇ ಉಳಿದರೆ ಯುನಿಕೋಡ್. ಇಂಗ್ಲಿಷಾದರೆ ಹಳೆಯ ಪದ್ಧತಿ. ಪರಿವರ್ತಿಸುವ ತಂತ್ರಾಂಶಗಳು ದೊರೆಯುತ್ತವೆ. ಪರಿವರ್ತನೆಯ ಬಳಿಕ ಒತ್ತಕ್ಷರಗಳನ್ನೂ ಅರ್ಕಾವತ್ತನ್ನೂ ಒಂದೊಂದಾಗಿ ಓದಿ ಸರಿಪಡಿಸಬೇಕು. ತಪ್ಪುಗಳು ಹೆಚ್ಚಾಗಿ ಅಡಗುವುದು ಅಲ್ಲಿಯೇ.

೭. ಪ್ರತಿಗಳು

ಓಲೆಗರಿಗೆ ಹುಳು ಹಿಡಿಯುವುದೆಂದು ತಿಳಿದು ಹಿರಿಯರು ಕಾಲಕಾಲಕ್ಕೆ ಪ್ರತಿ ಮಾಡಿಸುತ್ತಿದ್ದರು. ತುಲಾ ತಿಂಗಳ ಸಿಡಿಲನ್ನು ಕಂಡ ನಮ್ಮ ಊರಿನವರಿಗೆ ಯಂತ್ರವೊಂದನ್ನೇ ನಂಬಬಾರದೆಂದು ಹೇಳಬೇಕಾಗಿಲ್ಲ. ಮುಖ್ಯವಾದ ಕಡತಕ್ಕೆ ಮೂರು ಪ್ರತಿಗಳಿರಲಿ: ಕಂಪ್ಯೂಟರಿನಲ್ಲಿ ಒಂದು, ಪೆನ್‌ಡ್ರೈವಿನಲ್ಲಿ ಒಂದು, ಬೇರೆ ಕಟ್ಟಡದಲ್ಲಿಯೋ ಈ-ಮೇಲ್ ಖಾತೆಯಲ್ಲಿಯೋ ಒಂದು. ಪೆನ್‌ಡ್ರೈವನ್ನು ‘ಇಜೆಕ್ಟ್’ ಎಂದು ಆಜ್ಞೆ ಕೊಟ್ಟ ಮೇಲೆಯೇ ತೆಗೆಯಬೇಕು. ಮೊದಲೇ ಕಿತ್ತರೆ ಬರಹ ಪೂರ್ತಿ ಇಳಿದಿರಲಿಕ್ಕಿಲ್ಲ. ವರ್ಷಕ್ಕೊಮ್ಮೆ ಪ್ರತಿಗಳನ್ನು ತೆರೆದು ನೋಡುವುದೂ ಅಗತ್ಯ.

೮. ಹೆತ್ತವರಲ್ಲಿ ವಿಜ್ಞಾಪನೆ

ಮಕ್ಕಳ ವಿದ್ಯಾರ್ಥಿವೇತನಕ್ಕಾಗಿ, ಪ್ರಮಾಣಪತ್ರಗಳಿಗಾಗಿ ತಾವು ಅಕ್ಷಯ ಕೇಂದ್ರಗಳಿಗೆ ಹೋಗುವುದುಂಟು. ಅರ್ಜಿಯ ಪಿ.ಡಿ.ಎಫ್. ಪ್ರತಿಯನ್ನು ಕೇಳಿ ಪಡೆದು, ಮಗುವಿನ ಹೆಸರು ಮತ್ತು ತಾರೀಕನ್ನು ಕಡತದ ಹೆಸರಾಗಿಟ್ಟು ಮನೆಯಲ್ಲಿ ಉಳಿಸಿಕೊಳ್ಳಬೇಕು. ಪರರ ಯಂತ್ರದಲ್ಲಿ ತಮ್ಮ ಕಾಗದಪತ್ರಗಳ ಪ್ರತಿ ಉಳಿಯದಂತೆ ನೋಡಿಕೊಳ್ಳಬೇಕು. ಕಡತಕ್ಕೆ ಗುಪ್ತಪದವನ್ನು ಹಾಕುವುದಾದರೆ ಅದನ್ನು ಮನೆಯ ಪುಸ್ತಕವೊಂದರಲ್ಲಿ ಬರೆದಿಡಬೇಕು. ಮರೆತರೆ ಲಿಬ್ರೆ ಆಫೀಸ್ ಅದನ್ನು ಮರಳಿ ಹೇಳಲಾರದು.

ಮನೆಯಲ್ಲಿ ಮಾಡತಕ್ಕ ಅಭ್ಯಾಸ

(೧) ಅಜ್ಜ ಅಜ್ಜಿಯರಿಂದ ಕೇಳಿದ ಒಂದು ಕತೆಯನ್ನು ಯುನಿಕೋಡಿನಲ್ಲಿ ಬೆರಳಚ್ಚು ಮಾಡಿರಿ.

(೨) ತಾರೀಕು, ಕತೆಯ ಹೆಸರು, ಹೇಳಿದವರ ಹೆಸರು ಸೇರಿಸಿ ಕಡತಕ್ಕೆ ಹೆಸರಿಡಿರಿ.

(೩) ಒ.ಡಿ.ಟಿ. ಮೂಲವನ್ನೂ ಪಿ.ಡಿ.ಎಫ್. ಪ್ರತಿಯನ್ನೂ ಮಾಡಿ, ಎರಡು ಸ್ಥಳಗಳಲ್ಲಿ ಇಡಿರಿ.

(೪) ಒಂದು ತಿಂಗಳ ಬಳಿಕ ಮನೆಯವರೊಬ್ಬರಿಗೆ, ಸ್ಥಳವನ್ನು ಹೇಳದೆ, ಅದನ್ನು ಹುಡುಕಿ ತೆರೆಯಲು ಹೇಳಿರಿ. ಅವರಿಗೆ ಸಿಕ್ಕಿ, ಓದಲು ಬಂದರೆ ನೀವು ಈ ಪಾಠವನ್ನು ಕಲಿತಿರೆಂದು ನಾವು ತಿಳಿಯುವೆವು.